ನಮ್ಮೂರಿಗೆ ಬಂದ ಯಾಗಮೂರ್ತಿ

ಖಳನಾಯಕ ಸಪ್ಪೆಯಾದ್ರೆ ಸಿನಿಮಾನೇ ಸಪ್ಪೆ. ವಜ್ರಮುನಿ ಕಣ್ಣು ಕೆಂಪಗೆ ಮಾಡ್ಕೊಂಡು ಅಬ್ಬರಿಸದೇ ಹೋಗಿದ್ರೆ ನಾಯಕ ಯಾರ ಮುಂದೆ ಎದೆ ಸೆಟೆಸಬೇಕಿತ್ತು ಹೇಳಿ. ಆದ್ರೆ ಸಿನಿಮಾದಲ್ಲಿ ನಾವು ಕೂತು ನೋಡೋರು ಅಷ್ಟೇ. ಖಳನ ಕುರ್ಚಿಯಲ್ಲಿ ಕೂತು, ಅವನ ತಲೆಯೊಳಗಿಂದ ಲೆಕ್ಕ ಹಾಕೋ ಅವಕಾಶ ಸಿಗೋದು ಆಟದಲ್ಲಿ. ಹೋದ ಎರಡು ತಿಂಗಳು ರಾತ್ರಿ ಊಟ ಆದಮೇಲೆ ನಾನು ಮಾಡಿದ್ದು ಅದನ್ನೇ. ಒಬ್ಬ ಖಳನ ಸುತ್ತ ನೂರು ಕಾರ್ಡಿನ ಒಂದು ಡೆಕ್ ಕಟ್ಟಿದೆ.

ಆಟದ ಹೆಸರು ಮ್ಯಾಜಿಕ್: ದ ಗ್ಯಾದರಿಂಗ್. 1993ರಲ್ಲಿ ರಿಚರ್ಡ್ ಗಾರ್ಫೀಲ್ಡ್ ಅನ್ನೋ ಗಣಿತದ ಡಾಕ್ಟರೇಟ್ ಮಾಡಿದವರು ಹುಟ್ಟುಹಾಕಿದ್ದು. ಇಸ್ಪೀಟಿನ ಥರ ಎಲ್ಲರ ಕೈಲೂ ಒಂದೇ 52 ಎಲೆ ಇರಲ್ಲ. ಸಾವಿರಾರು ಬೇರೆ ಬೇರೆ ಕಾರ್ಡುಗಳಿಂದ ಆರಿಸಿ ನಿಮ್ಮ ಡೆಕ್ ನೀವೇ ಕಟ್ಟಬೇಕು. ನಾನು ಆಡೋದು ಅದರಲ್ಲಿ ಕಮಾಂಡರ್ ಅನ್ನೋ ಪದ್ಧತಿ. ಒಬ್ಬ ನಾಯಕ, ಅವನ ಹಿಂದೆ 99 ಕಾರ್ಡು. ಸಾಮಾನ್ಯ ಭೂಮಿ ಬಿಟ್ಟು ಬೇರೆ ಯಾವ ಕಾರ್ಡೂ ಎರಡು ಇರಂಗಿಲ್ಲ. ಒಬ್ಬೊಬ್ಬರಿಗೂ 40 ಜೀವ. ನಾಲ್ಕು ಜನ ಕೂತರೆ ಎರಡು ಗಂಟೆ ಎಲ್ಲಿ ಹೋಯ್ತು ಗೊತ್ತಾಗಲ್ಲ.

ನಾನು ಆರಿಸಿಕೊಂಡ ನಾಯಕ ಯಾಗ್‌ಮಾತ್. ಈ ಆಟದ ಕಥಾಲೋಕದಲ್ಲಿ ಇವನಿಗಿಂತ ದೊಡ್ಡ ಖಳ ಇಲ್ಲ ಅಂತ ನನ್ನ ವಾದ. ಮಜಾ ಏನಂದ್ರೆ ಇವನು ಮೂಲತಃ ವೈದ್ಯ. ಥ್ರಾನ್ ಅನ್ನೋ ನಾಗರಿಕತೆಯವರು ಇವನನ್ನ ಗಡೀಪಾರು ಮಾಡಿರ್ತಾರೆ. ಆಮೇಲೆ ಅವರಲ್ಲೇ ದೊಡ್ಡ ಮೇಧಾವಿಯೊಬ್ಬನಿಗೆ ವಾಸಿಯಾಗದ ಕಾಯಿಲೆ ಬಂದಾಗ, ವಿಧಿ ಇಲ್ಲದೆ ವಾಪಸ್ ಕರೆಸ್ತಾರೆ. ಬಂದವನು ಚಿಕಿತ್ಸೆ ಅನ್ನೋ ಹೆಸರಲ್ಲಿ ಮನುಷ್ಯರನ್ನೇ ಬಿಚ್ಚಿ ಜೋಡಿಸೋಕೆ ಶುರು ಮಾಡ್ತಾನೆ. 1999ರ ಒಂದು ಕಾದಂಬರಿಯಲ್ಲಿ ಇದೆಲ್ಲ ವಿವರವಾಗಿದೆ. ಕಾರ್ಡುಗಳಲ್ಲಿ ಇವನ ಹೆಸರು 1994ರಿಂದಲೇ ಇತ್ತು: ಯಾಗ್‌ಮಾತನ ರಾಕ್ಷಸ, ಯಾಗ್‌ಮಾತನ ಉಯಿಲು, ಯಾಗ್‌ಮಾತನ ಒಪ್ಪಂದ. ಆದ್ರೆ ಅವನೇ ಖುದ್ದಾಗಿ ಕಾರ್ಡಾಗಿ ಬಂದಿದ್ದು 2019ರಲ್ಲಿ. 25 ವರ್ಷ ತೆರೆ ಹಿಂದೆ ನಿಲ್ಲಿಸಿ, ಬರೀ ಹೆಸರು ಹೇಳಿ ಹೆದರಿಸಿದ್ದಾರೆ.

ತೆರೆ ಹಿಂದೆ ನಿಲ್ಲಿಸೋ ವಿದ್ಯೆ ನಮ್ಮೂರಿನವರಿಗೆ ಹೊಸದೇನಲ್ಲ. ನಮ್ಮೂರು ಅರಸೀಕೆರೆ. ಹಾಸನದ ಅರಸೀಕೆರೆ ಅಲ್ಲ ಮಾರಾಯ್ರೆ; ರೈಲು ಜಂಕ್ಷನ್ ಇರೋದು ಅಲ್ಲಿ. ನಮ್ಮದು ಹರಪನಹಳ್ಳಿ ತಾಲ್ಲೂಕು, ಉಚ್ಚಂಗಿದುರ್ಗದ ಪಕ್ಕ. ನಾವು ಕದಲದೇ ಕೂತಿದ್ರೂ ಜಿಲ್ಲೆ ಮಾತ್ರ ಬದಲಾಗ್ತಾನೇ ಇರುತ್ತೆ: ಬಳ್ಳಾರಿ, 1997ರಲ್ಲಿ ದಾವಣಗೆರೆ, 2018ರಲ್ಲಿ ಮತ್ತೆ ಬಳ್ಳಾರಿ, 2021ರಲ್ಲಿ ವಿಜಯನಗರ. ನನ್ನ ಮಾರ್ಕ್ಸ್ ಕಾರ್ಡಲ್ಲಿ ಒಂದು ಜಿಲ್ಲೆ, ಆಧಾರ್‌ನಲ್ಲಿ ಇನ್ನೊಂದು. ಇರಲಿ. ನಮ್ಮ ಸೀಮೆಯ ಬಯಲಾಟದಲ್ಲಿ ದುರ್ಯೋಧನ ಸುಮ್ಮನೆ ಬಂದು ನಿಲ್ಲಲ್ಲ. ಮೊದಲು ಮದ್ದಲೆ, ಆಮೇಲೆ ತೆರೆ ಹಿಂದಿನಿಂದ ಗೆಜ್ಜೆ ಸದ್ದು, ಅಟ್ಟದ ಹಲಗೆ ನಡುಗೋ ಹೆಜ್ಜೆ. ಸಾರಥಿ ಬಂದು ನೀವ್ಯಾರು, ಎಲ್ಲಿಂದ ಬಂದ್ರಿ ಅಂತ ವಿಚಾರಿಸಬೇಕು. ಆಗ ಭುಜಕೀರ್ತಿ ಅಲ್ಲಾಡಿಸ್ತಾ ರಾಜ ತನ್ನ ಪ್ರತಾಪ ತಾನೇ ಹೇಳ್ಕೋಬೇಕು. ನಮ್ಮಪ್ಪ ವಯಸ್ಸಿನಲ್ಲಿ ದುರ್ಯೋಧನನ ಪಾತ್ರ ಕಟ್ಟಿದವರು. ಈಗ ಮೊಣಕಾಲು ನೋವು. ಕುಣಿಯೋಕೆ ಆಗಲ್ಲ, ಆದ್ರೆ ಪಾತ್ರದ ಬಗ್ಗೆ ಮಾತಾಡೋಕೆ ಮೊಣಕಾಲು ಬೇಕಿಲ್ಲವಲ್ಲ.

ಡೆಕ್ ಕಟ್ಟೋವಾಗ ಅಪ್ಪನಿಗೆ ಫೋನಲ್ಲಿ ಕಾರ್ಡಿನ ಕಥೆ ಹೇಳಿದ್ದೆ. ಅವರ ಕಿವಿಗೆ ಯಾಗ್‌ಮಾತ್ 'ಯಾಗಮೂರ್ತಿ' ಅಂತ ಬಿದ್ದಿದೆ. ನಾನು ತಿದ್ದೋಕೆ ಹೋಗಲಿಲ್ಲ. ಯಾಕಂದ್ರೆ ಅವನು ಮಾಡೋದೇ ಯಾಗ. ಬಲಿ ಮಾತ್ರ ತನ್ನವರದ್ದು.

ಕಾರ್ಡ್ ಏನು ಮಾಡುತ್ತೆ ಅಂತ ಸರಳವಾಗಿ ಹೇಳ್ತೀನಿ. ನಾಲ್ಕು ಮಾನಾ ಕೊಟ್ಟರೆ ಬರ್ತಾನೆ. (ಮಾನಾ ಅಂದ್ರೆ ಭೂಮಿಯಿಂದ ಬರೋ ಶಕ್ತಿ, ಆಟದ ಕರೆನ್ಸಿ.) ಬಲ 2, ತಾಳಿಕೆ 4, ನೋಡೋಕೆ ಅಂಥ ದೈತ್ಯ ಏನಲ್ಲ. ಮನುಷ್ಯ ಜಾತಿಯ ಕಾರ್ಡುಗಳು ಇವನಿಗೆ ಪೆಟ್ಟು ಕೊಡಲಾರವು, ಇವನ ದಾಳಿಗೆ ಅಡ್ಡ ನಿಲ್ಲಲಾರವು. ಇದನ್ನ ಓದಿದಾಗ ನಂಗೆ ನಗು ಬಂತು. ರಾವಣ ದೇವರು, ದಾನವರು, ಯಕ್ಷರು ಯಾರಿಂದಲೂ ಸಾವು ಬೇಡ ಅಂತ ವರ ಕೇಳಿ, ಮನುಷ್ಯ ಯಾವ ಲೆಕ್ಕ ಅಂತ ಬಿಟ್ಟನಲ್ಲ, ಆ ಬಿಟ್ಟ ವರ ಇವನ ಹತ್ರ ಇದೆ. ಅಸಲಿ ವಿಷ ಇರೋದು ಮುಂದಿನ ಸಾಲಲ್ಲಿ. ನಿಮ್ಮ 40 ಜೀವದಲ್ಲಿ ಒಂದು ಕೊಡಿ, ನಿಮ್ಮದೇ ಕಡೆಯ ಇನ್ನೊಂದು ಜೀವಿಯನ್ನು ಬಲಿ ಕೊಡಿ. ಮೇಜಿನ ಮೇಲಿರೋ ಯಾವುದಾದ್ರೂ ಒಂದು ಜೀವಿಗೆ ಒಂದು ಮೈನಸ್ ಗುರುತು ಹಾಕಿ, ಒಂದು ಹೊಸ ಕಾರ್ಡ್ ಎಳೀರಿ. ಎಷ್ಟು ಸಲ ಬೇಕಾದ್ರೂ ಮಾಡಬಹುದು. ಮಾನಾ ಬೇಡ, ಸರದಿ ಕಾಯೋದು ಬೇಡ.

ಹಾಗಾಗಿ ಈ ಡೆಕ್ಕಲ್ಲಿ ಶೂರರು ಬೇಡ, ಬಲಿ ಬೇಕು. ನಾನು 35 ಭೂಮಿ ಇಟ್ಟೆ. ಉಳಿದಿದ್ದರಲ್ಲಿ ಹೆಚ್ಚಿನವು ಸಾಯೋಕಂತಲೇ ಬರೋ ಸಣ್ಣ ಜೀವಿಗಳು. ಎರಡು ಮಾನಾ ಕೊಟ್ಟಾಗೆಲ್ಲ ಸ್ಮಶಾನದಿಂದ ಎದ್ದು ಬರೋ ಅಸ್ಥಿಪಂಜರ, ಭೂಮಿ ಇಟ್ಟಾಗೆಲ್ಲ ವಾಪಸಾಗೋ ಬ್ಲಡ್‌ಗಾಸ್ಟ್, ಮನೆಯಲ್ಲಿ ಹಾವಿಲ್ಲ ಅಂದ್ರೆ ಹೊಸ ಹಾವೊಂದನ್ನ ತಂದಿಡೋ ಆಫಿಯೋಮ್ಯಾನ್ಸರ್. ದೊಡ್ಡ ಡ್ರ್ಯಾಗನ್‌ಗಳ ಮೇಲೆ ಆಸೆ ಬಂದಿತ್ತು, ಸುಳ್ಳು ಹೇಳಲ್ಲ. ತೆಗೆದೆ. ಖಳನಿಗೆ ದೊಡ್ಡ ಗೆಳೆಯರಿಗಿಂತ ಎಣಿಸದೇ ಖರ್ಚು ಮಾಡಬಹುದಾದ ಸಣ್ಣವರು ಮುಖ್ಯ.

ಈಗ ನಮ್ಮ ಸಾಫ್ಟ್‌ವೇರ್ ಮಂದಿಗೆ ಇಷ್ಟವಾಗೋ ಭಾಗ: ಲೂಪ್. ಕೆಲವು ಜೀವಿಗಳಿಗೆ ಅನ್‌ಡೈಯಿಂಗ್ ಅನ್ನೋ ಗುಣ ಇದೆ. ಮೈಮೇಲೆ ಪ್ಲಸ್ ಗುರುತು ಇಲ್ಲದಾಗ ಸತ್ತರೆ, ಒಂದು ಪ್ಲಸ್ ಗುರುತು ಹೊತ್ಕೊಂಡು ವಾಪಸ್ ಬರ್ತವೆ. ಗುರುತು ಇದ್ದಾಗ ಸತ್ತರೆ ಕಥೆ ಮುಗೀತು. ಇಂಥವು ಎರಡು ಇಟ್ಕೊಳ್ಳಿ, ಬುಚರ್ ಗೂಲ್ ಮತ್ತು ಎವರ್‌ನೈಟ್ ಶೇಡ್ ಅಂತಿಟ್ಕೊಳ್ಳಿ. ಮೊದಲು ಗೂಲ್‌ನ ಬಲಿ ಕೊಟ್ಟರೆ ಪ್ಲಸ್ ಜೊತೆ ವಾಪಸ್. ಆಮೇಲೆ ಶೇಡ್‌ನ ಬಲಿ ಕೊಟ್ಟು, ಯಾಗ್‌ಮಾತನ ಮೈನಸ್ ಗುರುತನ್ನ ಗೂಲ್ ಮೇಲೆ ಇಡಿ. ಪ್ಲಸ್ಸೂ ಮೈನಸ್ಸೂ ಹೊಡೆದುಕೊಂಡು ಗೂಲ್ ಮತ್ತೆ ಖಾಲಿ, ಅಂದ್ರೆ ಮತ್ತೆ ಸಾಯೋಕೆ ತಯಾರು. ಅಷ್ಟರಲ್ಲಿ ಶೇಡ್ ಪ್ಲಸ್ ಹೊತ್ಕೊಂಡು ಬಂದಿರುತ್ತೆ. ಈಗ ಗೂಲ್‌ನ ಬಲಿ ಕೊಟ್ಟು ಮೈನಸ್‌ನ ಶೇಡ್ ಮೇಲೆ ಇಡಿ. ಹಿಂಗೇ ಸುತ್ತುತ್ತೆ. ಒಂದು ಸಾವಿಗೆ ನಿಮ್ಮ ಒಂದು ಜೀವ, ಕೈಗೆ ಒಂದು ಕಾರ್ಡು.

ಇದಕ್ಕೆ ಜುಲಾಪೋರ್ಟ್ ಕಟ್‌ಥ್ರೋಟ್ ಅನ್ನೋ ಎರಡು ಮಾನಾದ ಪುಟ್ಟ ಕಾರ್ಡು ಸೇರಿತೋ, ಮುಗೀತು. ನಿಮ್ಮ ಕಡೆ ಒಂದು ಜೀವಿ ಸತ್ತಾಗೆಲ್ಲ ಎದುರಾಳಿಗಳೆಲ್ಲ ಒಂದೊಂದು ಜೀವ ಕಳ್ಕೊಳ್ತಾರೆ, ನಿಮಗೆ ಒಂದು ಸಿಗುತ್ತೆ. ಕೊಟ್ಟ ಜೀವ ವಾಪಸ್ ಬಂತಲ್ಲ, ಲೂಪ್ ಪುಕ್ಕಟೆ. ಆದ್ರೂ ಅನಂತ ಅಲ್ಲ, ನೆನಪಿಡಿ. ಪ್ರತಿ ಸಲ ಕಾರ್ಡ್ ಎಳೆಯಲೇಬೇಕು. ಖಾಲಿ ಡೆಕ್ಕಿಂದ ಎಳೆಯೋಕೆ ಹೋದವನು ಸೋತ. 40 ಜೀವ ತೆಗೆಯೋಕೆ 40 ಸಾವು, ಹತ್ತಿರ ಹತ್ತಿರ ಅಷ್ಟೇ ಕಾರ್ಡು. ಡೆಕ್ಕಲ್ಲಿ ಅದಕ್ಕಿಂತ ತೀರಾ ಕಮ್ಮಿ ಉಳಿದಿದ್ರೆ, ಇಡೀ ಮೇಜನ್ನ ಸಾವಿನ ಅಂಚಿಗೆ ತಂದಿಟ್ಟು ನೀವೇ ಬಿದ್ದುಹೋಗ್ತೀರಿ. ಕೋಡ್ ಬರೆಯೋರಿಗೆ ಇದು ಗೊತ್ತಿರೋದೇ: ಲೂಪ್ ಬರೆಯೋದು ಸುಲಭ, ಎಲ್ಲಿ ನಿಲ್ಲುತ್ತೆ ಅನ್ನೋದೇ ಪರೀಕ್ಷೆ.

ಅಪ್ಪನ ಒಂದು ಮಾತು ಡೆಕ್ಕಿಗೆ ನೇರವಾಗಿ ಉಪಯೋಗ ಆಯ್ತು. ನಾಲ್ಕು ಮಾನಾ ಆದ ತಕ್ಷಣ ನಾಯಕನನ್ನ ಇಳಿಸೋದು ಎಲ್ಲರ ಅಭ್ಯಾಸ. "ಅಟ್ಟ ಬಿಸಿ ಆಗದ ಹೊರತು ರಾಜನ ಪಾತ್ರ ಹೊರಗ ಬರಬಾರದು. ಮದ್ದಲಿ ನಿಂತ ಮ್ಯಾಲ ಬಂದ್ರ ಜನ ಬೀಡಿ ಹಚ್ಚಾಕ ಎದ್ದು ಹೋಗ್ತಾರ" ಅಂದ್ರು ಅಪ್ಪ. ಸರಿ ಅನ್ನಿಸ್ತು. ಈಗ ಮೊದಲು ಮೂರು ನಾಲ್ಕು ಸಣ್ಣವರನ್ನ ಮೇಜಿಗೆ ಇಳಿಸ್ತೀನಿ. ಯಾಗ್‌ಮಾತ್ ಬರೋದು ಆರು ಏಳನೇ ಸರದಿಗೆ, ಬಂದ ಗಳಿಗೆಯಲ್ಲೇ ಯಾಗ ಶುರು. ಅವನನ್ನ ಎದುರಾಳಿ ಕೊಂದ್ರೂ ನಾಲ್ಕು ಕಾರ್ಡ್ ಅಷ್ಟರಲ್ಲೇ ಕೈಗೆ ಬಂದಿರುತ್ತೆ. ನಾಯಕ ಸತ್ತರೆ ಮತ್ತೆ ಕರೆಸಬಹುದು, ಆದ್ರೆ ಪ್ರತಿ ಸಲ ಎರಡು ಮಾನಾ ದಂಡ ಜಾಸ್ತಿ.

ಆಡ್ತಾ ಆಡ್ತಾ ನಂಗೆ ನೆನಪಾಗಿದ್ದು ರನ್ನನ ಗದಾಯುದ್ಧದ ದುರ್ಯೋಧನ. ಸಂಜಯನ ಜೊತೆ ಹೆಣಗಳ ನಡುವೆ ನಡೆದು ಹೋಗ್ತಾನಲ್ಲ ಭೀಷ್ಮರನ್ನ ಕಾಣೋಕೆ. ದಾರಿಯಲ್ಲಿ ದ್ರೋಣ ಬಿದ್ದಿದ್ದಾರೆ, ಮಗ ಲಕ್ಷಣಕುಮಾರ ಬಿದ್ದಿದ್ದಾನೆ, ತಮ್ಮ ದುಶ್ಶಾಸನ, ಗೆಳೆಯ ಕರ್ಣ. ಎಲ್ಲರೂ ಇವನಿಗಾಗಿ ಸತ್ತವರು. ಪಿಯುಸಿಯಲ್ಲಿ ಮೇಷ್ಟ್ರು ಪಾಠ ಮಾಡಿದಾಗ ನಾವು ಹಳಗನ್ನಡದ ಜೊತೆಗೇ ಗುದ್ದಾಡ್ತಿದ್ವಿ, ದುಃಖ ತಲುಪಿರಲಿಲ್ಲ. ಯಾಗ್‌ಮಾತ್ ಡೆಕ್ ಗೆಲ್ಲೋ ಹೊತ್ತಿಗೆ ಮೇಜು ನೋಡಿ: ನಮ್ಮ ಕಡೆ ಅವನೊಬ್ಬ, ಪಕ್ಕದಲ್ಲಿ ಸತ್ತ ಕಾರ್ಡುಗಳ ಎತ್ತರದ ರಾಶಿ. ವ್ಯತ್ಯಾಸ ಒಂದೇ. ದುರ್ಯೋಧನ ಆ ದಾರಿಯಲ್ಲಿ ಅಳ್ತಾನೆ. ಅದಕ್ಕೇ ಅವನು ಖಳನಾಗಿ ಉಳಿಯಲಿಲ್ಲ ಅನ್ಸುತ್ತೆ, ಕನ್ನಡದಲ್ಲಿ. ನಾಗಚಂದ್ರನ ಜೈನ ರಾಮಾಯಣದ ರಾವಣನೂ ಹಾಗೇ, ಕೊನೆಗೆ ಮರುಕ ಹುಟ್ಟಿಸ್ತಾನೆ. ನಮ್ಮ ಕವಿಗಳಿಗೆ ಪೂರ್ತಿ ಕೆಟ್ಟವನನ್ನ ಬರೆಯೋಕೆ ಮನಸ್ಸು ಬರ್ತಿರಲಿಲ್ಲವೇನೋ.

ನಮ್ಮ ಹಳೇ ಕಾರ್ಡುಗಳಲ್ಲಿ ಖಳರಿಗೆ ಜಾಗ ಇತ್ತಾ ಅಂತಲೂ ಹುಡುಕಿದೆ. ಮೈಸೂರಿನ ಗಂಜೀಫ ಗೊತ್ತಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ಶ್ರೀತತ್ತ್ವನಿಧಿಯ ಕೌತುಕನಿಧಿ ಭಾಗದಲ್ಲಿ ಇಂಥ ಆಟಗಳನ್ನೇ ವಿವರಿಸಿದ್ದಾರೆ. ನಮ್ಮ ಕಾಲದಲ್ಲಿ ಅದನ್ನ ಬದುಕಿಸಿದವರು ಗಂಜೀಫ ರಘುಪತಿ ಭಟ್ಟರು. ದಶಾವತಾರ ಗಂಜೀಫದಲ್ಲಿ 120 ಎಲೆ: ಹತ್ತು ಅವತಾರ, ಒಂದೊಂದಕ್ಕೂ ರಾಜ, ಮಂತ್ರಿ, ಆಮೇಲೆ ಒಂದರಿಂದ ಹತ್ತು. ಹತ್ತೂ ರಾಜರು ದೇವರೇ. ಒಡಿಶಾದ ರಾಮಾಯಣ ಗಂಜಪದಲ್ಲಿ ಮಾತ್ರ ರಾವಣನ ಕಡೆಯವರಿಗೂ ಎಲೆಗಳಿವೆ. ಅದನ್ನ ಆಡಿದವರು ಯಾರಾದ್ರೂ ಓದುಗರಲ್ಲಿದ್ರೆ ದಯವಿಟ್ಟು ಬರೀರಿ, ರಾವಣನ ಎಲೆ ಕೈಗೆ ಬಂದಾಗ ಖುಷಿ ಪಡ್ತಾರಾ ಅಂತ ತಿಳಿಯೋ ಕುತೂಹಲ ನಂಗೆ.

ಇಷ್ಟೆಲ್ಲ ಸರಿ. ಹೋದ ದೀಪಾವಳಿಗೆ ಈ ಡೆಕ್ ಬ್ಯಾಗಲ್ಲಿಟ್ಟುಕೊಂಡು ಊರಿಗೆ ಹೋದೆ. ಅವ್ವ ಡಬ್ಬಿ ನೋಡಿದ ಕೂಡಲೇ ಕೇಳಿದ್ದು ಒಂದೇ ಮಾತು.

"ಎಲಿ ಅಲ್ಲೇನಲೇ ಅದು?"

ನಮ್ಮ ಮನೆಯಲ್ಲಿ ಎಲೆ ಅನ್ನೋ ಪದ ಹಗುರ ಅಲ್ಲ. ಮೂರು ವರ್ಷದ ಹಿಂದೆ ಚಿಕ್ಕಪ್ಪನ ಮಗ, ನನ್ನ ತಮ್ಮ, ಫೋನಲ್ಲಿ ರಮ್ಮಿ ಆಡಿ 1 ಲಕ್ಷ 80 ಸಾವಿರ ಕಳ್ಕೊಂಡ. ಮೆಕ್ಕೆಜೋಳ ಮಾರಿ ಬಂದ ದುಡ್ಡು, ಅದು ಸಾಲದೆ ಎರಡು ಸಾಲದ ಆ್ಯಪ್. ವಸೂಲಿ ಮಾಡೋರು ಅವನ ಫೋನಲ್ಲಿದ್ದ ನಂಬರ್‌ಗಳಿಗೆಲ್ಲ ಕರೆ ಮಾಡಿದ್ರು. ಬೆಂಗಳೂರಲ್ಲಿ ಮೀಟಿಂಗ್ ನಡುವೆ ನಂಗೂ ಬಂತು. ಚಿಕ್ಕಪ್ಪ ಎರಡು ತಿಂಗಳು ಮಗನ ಜೊತೆ ಮಾತಾಡಲಿಲ್ಲ. ಆವತ್ತಿಂದ ಅವ್ವನ ಕಟ್ಟಪ್ಪಣೆ: ನಮ್ಮ ಮನೆಯಾಗ ಯಾರೂ ಎಲಿ ಮುಟ್ಟಂಗಿಲ್ಲ, ದೀಪಾವಳಿಗೂ ಇಲ್ಲ. (ತಮ್ಮನನ್ನ ಕೇಳಿಯೇ ಇದನ್ನ ಬರೀತಿದ್ದೀನಿ. "ಬರಿ, ಹೆಸರು ಹಾಕಬ್ಯಾಡ" ಅಂದ.)

ಕಾನೂನಿನ ದಾರಿ ಉದ್ದಕ್ಕೂ ಡೊಂಕು. 1967ರಲ್ಲಿ ಸುಪ್ರೀಂ ಕೋರ್ಟ್ ರಮ್ಮಿ ಬರೀ ಅದೃಷ್ಟದ ಆಟ ಅಲ್ಲ, ಹೆಚ್ಚಾಗಿ ಕೌಶಲದ ಆಟ ಅಂತ ಹೇಳಿತ್ತು. ಆ ಮಾತಿನ ನೆರಳಲ್ಲೇ ಫೋನಿನ ರಮ್ಮಿ ಬೆಳೀತು. 2021ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ನಿಷೇಧಿಸಿದ್ರು, 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದನ್ನ ರದ್ದು ಮಾಡ್ತು. 2025ರ ಆಗಸ್ಟ್‌ನಲ್ಲಿ ಸಂಸತ್ತೇ ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸೋ ಕಾಯ್ದೆ ಮಾಡಿತು. ಕೌಶಲವೋ ಅದೃಷ್ಟವೋ ಅನ್ನೋ ಚರ್ಚೆಗೆ ಅಲ್ಲಿ ಜಾಗ ಇಲ್ಲ. ತಮ್ಮನ ಪಾಲಿಗೆ ಮೂರು ವರ್ಷ ತಡ ಆಯ್ತು, ಅಷ್ಟೇ.

ನಾನು ಅವ್ವನಿಗೆ ಇದು ಬೇರೆ ಆಟ ಅಂತ ಹೇಳಬಹುದಿತ್ತು. ಅರ್ಧ ಮಾತ್ರ ನಿಜ ಅದು. ಈ ಕಾರ್ಡುಗಳನ್ನ ಮಾರೋದೇ ಮುಚ್ಚಿದ ಪ್ಯಾಕೆಟ್‌ನಲ್ಲಿ. 14 ಕಾರ್ಡು, ಅದರಲ್ಲಿ ಅಪರೂಪದ್ದು ಒಂದೋ ಎರಡೋ, ಯಾವುದು ಅಂತ ಹರಿಯೋವರೆಗೂ ಗೊತ್ತಿಲ್ಲ. ಪ್ಯಾಕೆಟ್ ಹರಿಯೋವಾಗ ಬೆರಳಲ್ಲಿ ಆಗೋ ಜುಮ್ಮು ಇದೆಯಲ್ಲ, ಅದಕ್ಕೂ ತಮ್ಮ ಹೇಳೋ ಜುಮ್ಮಿಗೂ ಸಂಬಂಧ ಇಲ್ಲ ಅಂತ ಪ್ರಮಾಣ ಮಾಡೋಕೆ ನಂಗಾಗಲ್ಲ. ಗಾರ್ಫೀಲ್ಡ್ ಅವರೇ 2016ರಲ್ಲಿ, ಚಟಕ್ಕೆ ಬಿದ್ದವರ ಜೇಬಿಗೆ ಕೈ ಹಾಕೋ ಆಟಗಳನ್ನ ಟೀಕಿಸಿ ಬರೆದಿದ್ರು. ಬೆಲ್ಜಿಯಂ 2018ರಲ್ಲಿ ವಿಡಿಯೋ ಗೇಮ್‌ಗಳಲ್ಲಿ ದುಡ್ಡು ಕೊಟ್ಟು ಒಡೆಯೋ ಇಂಥ ಪೆಟ್ಟಿಗೆಗಳನ್ನ ಜೂಜು ಅಂತಲೇ ತೀರ್ಮಾನಿಸ್ತು. ನಾನು ಪ್ಯಾಕೆಟ್ ಕೊಳ್ಳಲ್ಲ. ಬೇಕಾದ ಕಾರ್ಡನ್ನ ಬಿಡಿಯಾಗಿ, ಬೆಲೆ ನೋಡಿ ಕೊಳ್ತೀನಿ. ನಾಲ್ಕಂಕಿ ದಾಟಿದ್ದಕ್ಕೆ ಬಣ್ಣದ ಜೆರಾಕ್ಸ್. ಸ್ನೇಹಿತರ ಮೇಜಲ್ಲಿ ಯಾರೂ ಬೇಡ ಅನ್ನಲ್ಲ. ಊರಿಗೆ ತಗೊಂಡು ಹೋದ ಯಾಗ್‌ಮಾತ್ ಕೂಡ ಜೆರಾಕ್ಸೇ.

ಮೂರನೇ ದಿನ ತಮ್ಮ ತಾನಾಗೇ ಕೇಳಿದ, "ಅಣ್ಣ, ಇದರಾಗ ಎಷ್ಟು ಹೊಕ್ಕತಿ?"

"ರೊಕ್ಕ ಏನೂ ಇಲ್ಲ."

"ಮತ್ತ ಯಾಕ ಆಡ್ತೀರಿ?"

ಉತ್ತರ ಕೊಡೋಕೆ ನಾನು ತಡವರಿಸ್ತಿದ್ದಾಗ ಅಪ್ಪ ಒಳಗಿಂದ, "ಬಯಲಾಟ ಯಾಕ ಆಡ್ತಿದ್ವಿ, ಅದಕ್ಕ" ಅಂದ್ರು. ಅವ್ವ ಒಪ್ಪಿದ್ದು ಎರಡು ಷರತ್ತಿನ ಮೇಲೆ: ದುಡ್ಡಿನ ಮಾತು ಬರಬಾರದು, ಅಪ್ಪ ಪಕ್ಕದಲ್ಲಿ ಕೂತಿರಬೇಕು. ಪಡಸಾಲೆಯಲ್ಲಿ ಚಾಪೆ ಹಾಸಿದ್ವಿ. ನಾನು ಹಸಿರು ಡೆಕ್ ತಗೊಂಡೆ, ತಮ್ಮನಿಗೆ ಯಾಗಮೂರ್ತಿ.

ಎಲೆ ಹಿಡಿಯೋ ಅವನ ಕೈ ನೋಡಿ ನಂಗೇ ಒಂಥರಾ ಆಯ್ತು. ಬೀಸಣಿಗೆ ಥರ ಬಿಚ್ಚಿ, ಹೆಬ್ಬೆರಳಲ್ಲಿ ಸರಸರ ಜೋಡಿಸ್ಕೋತಾನೆ. ನಿಯಮ ಅರ್ಧ ಗಂಟೆಯಲ್ಲಿ ಹಿಡಿದ. ಒಂಬತ್ತನೇ ಸರದಿ ಹೊತ್ತಿಗೆ ಅವನ ಮೇಜಲ್ಲಿ ಯಾಗಮೂರ್ತಿ, ಗೂಲ್, ಶೇಡ್ ಮೂರೂ ಇದ್ವು. ಲೂಪ್ ತಯಾರು. ಕಟ್‌ಥ್ರೋಟ್ ಒಂದು ಬಂದಿರಲಿಲ್ಲ. ನಂಗೆ 33 ಜೀವ, ಅವನಿಗೆ 24. ಎರಡು ಮಾನಾ ಕೈಲಿ ಉಳಿಸ್ಕೊಂಡು ಶುರು ಮಾಡಿದ. ಒಂದು ಜೀವ, ಒಂದು ಎಲೆ. ಒಂದು ಜೀವ, ಒಂದು ಎಲೆ. 20. 17. ಅವನ ಉಸಿರು ನಂಗೆ ಕೇಳ್ತಿತ್ತು. ಅವ್ವ ಅಡುಗೆಮನೆ ಬಾಗಿಲಿಗೆ ಬಂದು ನಿಂತಿದ್ರು. 13. 11. ಅಪ್ಪ ಏನೂ ಹೇಳಲಿಲ್ಲ. ನಾನೂ.

9ಕ್ಕೆ ಬಂದಾಗ ನಿಲ್ಲಿಸಿದ. ಕೈಲಿ ಎಲೆ ಹಿಡಿಸ್ತಿರಲಿಲ್ಲ. ಡೆಕ್ ಮೇಲೆ ಬೆರಳಿಟ್ಟುಕೊಂಡು ಸ್ವಲ್ಪ ಹೊತ್ತು ಕೂತ.

"ಸಾಕು. ನಿಂದು ಆಡು."

ಹೆಚ್ಚಾದ ಎಲೆಗಳನ್ನ ಎಸೆದು ಏಳು ಇಟ್ಟುಕೊಂಡ. ಮುಂದಿನ ಎರಡು ಸರದಿಯಲ್ಲಿ ನಿಯಮದ ಪ್ರಕಾರ ಬರೋ ಒಂದೊಂದೇ ಎಲೆ ಎಳೆದ, ಯಾಗಮೂರ್ತಿಯನ್ನ ಮುಟ್ಟಲಿಲ್ಲ. ಆಮೇಲೆ ನನ್ನ ಆನೆಗಳು ನುಗ್ಗಿದ್ವು. ಆಟ ಮುಗೀತು. "ಪಾತ್ರ ಚಲೋ ಕಟ್ಟಿದಿ" ಅಂದ್ರು ಅಪ್ಪ. ಅವ್ವ ಮಂಡಕ್ಕಿ, ಮಿರ್ಚಿ ತಂದಿಟ್ಟರು.

ಡೆಕ್ ಎತ್ತಿಡೋವಾಗ ನಾನು ಮೇಲಿನ ಎಲೆಗಳನ್ನ ತಿರುಗಿಸಿ ನೋಡಿದೆ. ಕಟ್‌ಥ್ರೋಟ್ ಮೇಲಿಂದ ಎರಡನೆಯದು. ಅಂದ್ರೆ ಅವನು ನಿಲ್ಲಿಸಿದಾಗ ನಾಲ್ಕನೆಯದಾಗಿತ್ತು. ಇನ್ನು ನಾಲ್ಕು ಜೀವ ಕೊಟ್ಟಿದ್ರೆ ಆ ಸರದಿಯಲ್ಲೇ ನನ್ನ 33ನ್ನೂ ಗುಡಿಸಿ ಹಾಕ್ತಿದ್ದ. ಏನೂ ಹೇಳದೆ ಎಲ್ಲ ಸೇರಿಸಿ ಕಲಸಿದೆ. ತಮ್ಮಾ, ನಿನಗಿದು ಗೊತ್ತಾಗ್ತಿರೋದು ಈಗಲೇ.

ಕಳೆದ ವಾರ ಅವನದ್ದೇ ವಾಟ್ಸಾಪ್ ಬಂತು: ಕಟ್‌ಥ್ರೋಟ್ ಥರದ್ದು ಒಂದೇ ಇದ್ರೆ ಸಾಲಲ್ಲ, ಇನ್ನೂ ಎರಡು ಹಾಕು. ಅವನು ಹೇಳಿದ್ದು ಸರಿ. ಬ್ಲಡ್ ಆರ್ಟಿಸ್ಟ್ ಹಾಕಿದ್ದೀನಿ, ಅದು ಒಂದು ಸಾವಿಗೆ ಒಬ್ಬ ಎದುರಾಳಿಯಿಂದ ಮಾತ್ರ ಜೀವ ತೆಗೆಯುತ್ತೆ, ಆದ್ರೂ ಇಬ್ಬರೇ ಆಡೋವಾಗ ಅದೇ ಸಾಕು. ಇನ್ನೊಂದಕ್ಕೆ ಜಾಗ ಮಾಡಬೇಕು ಅಂದ್ರೆ 35 ಭೂಮಿಯಲ್ಲಿ ಒಂದನ್ನ ತೆಗೆಯಬೇಕು. ಅವನು ತೆಗಿ ಅಂತಾನೆ, ನಂಗೆ ಧೈರ್ಯ ಬರ್ತಿಲ್ಲ. ಯುಗಾದಿಗೆ ಹೋದಾಗ ಚಾಪೆ ಮೇಲೆ ತೀರ್ಮಾನ.